ಸರ್‌ನೇಮ್ ಇಲ್ಲದವಳ ವಿದೇಶ ಸಲಹೆಗಳು

ಹೋಟೆಲಿನ ಬಗ್ಗೆ ಜನ ಬರೆದಿರುವುದನ್ನು ಓದುವಾಗ ಐದು ಸ್ಟಾರ್ ಕೊಟ್ಟವರನ್ನು ನಂಬಬೇಡಿ. ಒಂದು ಸ್ಟಾರ್ ಕೊಟ್ಟವರನ್ನೂ ನಂಬಬೇಡಿ. ಮೊದಲನೆಯವರು ಹೊಸದಾಗಿ ಮದುವೆಯಾದವರು, ಎರಡನೆಯವರು ಮನೆಯಿಂದಲೇ ಜಗಳವಾಡಿಕೊಂಡು ಹೊರಟವರು. ಮೂರು ಸ್ಟಾರ್ ಕೊಟ್ಟವರನ್ನು ಹುಡುಕಿ ಓದಿ. ಬಚ್ಚಲಲ್ಲಿ ನೀರು ನಿಲ್ಲುತ್ತದೆಯೇ, ಪಕ್ಕದ ರೂಮಿನವರ ಕೆಮ್ಮು ಕೇಳಿಸುತ್ತದೆಯೇ, ಬೆಳಿಗ್ಗೆ ತಿಂಡಿಗೆ ಮೊಟ್ಟೆ ಬಿಟ್ಟು ಬೇರೇನಾದರೂ ಇದೆಯೇ ಎನ್ನುವುದನ್ನು ಹೇಳುವವರು ಅವರೇ. ಬೇರೆ ಬೇರೆ ಟಿಕೆಟ್ ಮಾಡಿಸಿ ದಾರಿಯಲ್ಲಿ ವಿಮಾನ ಬದಲಾಯಿಸುವ ಸಾಹಸ ಬೇಡ. ಮೊದಲ ವಿಮಾನ ತಡವಾದರೆ ಎರಡನೆಯವರು ನಿಮಗಾಗಿ ಕಾಯುವುದಿಲ್ಲ, ಅವರೇನು ನಿಮ್ಮ ಸೋದರಮಾವ ಅಲ್ಲ. ಕೊಲ್ಲಿ ದೇಶಗಳ ಕಡೆ ಹೋಗುವವರು ಗಸಗಸೆ ಒಯ್ಯಬೇಡಿ, ಮಸಾಲೆ ಪುಡಿಗೆ ಬೆರೆಸಿದ್ದರೂ ಬೇಡ. ನಮಗೆ ಅದು ಪಾಯಸದ ಸಾಮಾನು, ಅಲ್ಲಿ ಕೆಲವು ಕಡೆ ಕಾನೂನಿಗೆ ಮಾದಕ ವಸ್ತು.

ಇದನ್ನೆಲ್ಲ ನಾನು ಹೇಳುವುದು ಅಮೃತಹಳ್ಳಿಯ ನಮ್ಮ ಮನೆಯ ನಡುಮನೆಯಲ್ಲಿ ಕೂತು. ಅತ್ತೆಯ ಮಂಚ ಇರುವುದೂ ಅಲ್ಲೇ. ಮೆಟ್ಟಿಲ ಬಳಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ಅವರು ವಾಕರ್ ಹಿಡಿದು ಗೇಟಿನ ತನಕ ನಡೆಯುತ್ತಾರೆ, ಅದರಾಚೆಗೆ ಇಲ್ಲ. ನನ್ನ ಓಡಾಟವೂ ಹೆಚ್ಚುಕಡಿಮೆ ಅಷ್ಟೇ. ಅವರ ಸ್ನಾನ, ಊಟ, ಕಾಲಿಗೆ ಎಣ್ಣೆ, ಬೇಕೆಂದಾಗ ಎಬ್ಬಿಸುವುದು, ಬೇಡವೆಂದಾಗ ಕೂರಿಸುವುದು ಎಲ್ಲ ನನ್ನದು. ಬೇರೆ ಯಾರಾದರೂ ಕೈ ಹಿಡಿದರೆ ಅವರಿಗೆ ಭಯ. ಯಾರೂ ನನ್ನನ್ನು ಕೂಡಿಹಾಕಿರಲಿಲ್ಲ. ಅತ್ತೆಗೆ ಗಾಳಿ ಬೇಕೆಂದು ನಮ್ಮ ಬಾಗಿಲು ದಿನವಿಡೀ ತೆಗೆದೇ ಇರುತ್ತದೆ. ತೆಗೆದ ಬಾಗಿಲ ಎದುರು ಕೂತು ಆಚೆ ಹೋಗಲಾರದೆ ಇರುವುದು ಹೇಗಿರುತ್ತದೆ ಎಂದು ಕೂತವರಿಗೇ ಗೊತ್ತು.

ಮಧ್ಯಾಹ್ನ ಅತ್ತೆ ಮಲಗಿದಾಗ ಟೀವಿ ಹಾಕುವಂತಿಲ್ಲ, ಎಚ್ಚರವಾಗುತ್ತಾರೆ. ಅದಕ್ಕೇ ಕಿವಿಗೆ ವೈರು ಸಿಕ್ಕಿಸಿಕೊಂಡು ಫೋನಿನಲ್ಲಿ ದೇಶ ದೇಶ ನೋಡಲು ಶುರುಮಾಡಿದ್ದು. ಯಾರೋ ಒಬ್ಬಳು ವಿಯೆಟ್ನಾಂನಲ್ಲಿ ನಡೆಯುತ್ತಿರುತ್ತಾಳೆ, ನಾನು ಅವಳ ಹಿಂದೆ ನಡೆಯುತ್ತಿರುತ್ತೇನೆ. ಎಲ್ಲಿ ಎಡಕ್ಕೆ ತಿರುಗಬೇಕು, ಯಾವ ಬೀದಿಯಲ್ಲಿ ಚರಂಡಿ ವಾಸನೆ, ಎಲ್ಲ ನೆನಪಿರುತ್ತಿತ್ತು. ಬೇರೆ ಏನನ್ನು ನೆನಪಿಟ್ಟುಕೊಳ್ಳುವುದಿತ್ತು ನನಗೆ?

ಮೇಲಿನ ಮನೆಗೆ ಬಾಡಿಗೆಗೆ ಬಂದವರು ಬಾಗಲಕೋಟೆ ಕಡೆಯವರು. ಯಲಹಂಕದ ಹತ್ತಿರದ ಒಂದು ಕಾಲೇಜಿನಲ್ಲಿ ಪಾಠ ಮಾಡುವ ಹೆಂಗಸು, ನನಗಿಂತ ಚಿಕ್ಕವರು, ರಜೆ ಸಿಕ್ಕರೆ ಸಾಕು ಹೊರಟುಬಿಡುವವರು. ಒಮ್ಮೆ ವಿಯೆಟ್ನಾಂಗೆ ಹೊರಟಾಗ, ಹಳೇ ಪೇಟೆಯ ಒಳಗೇ ಹೋಟೆಲು ಬುಕ್ ಮಾಡಿದ್ದೇನೆ ಎಂದರು. ಅಲ್ಲಿ ಒಳಗೆ ಕಾರು ಬಿಡುವುದಿಲ್ಲ, ಸೂಟ್‌ಕೇಸ್ ಎಳೆದುಕೊಂಡು ಕಲ್ಲಿನ ದಾರಿಯಲ್ಲಿ ನಡೆಯಬೇಕು, ಹೊರಗಿನ ರಸ್ತೆಯಲ್ಲಿ ಹಿಡಿಯಿರಿ ಎಂದೆ. ಅವರು ನಕ್ಕರು, ಆದರೂ ಬದಲಾಯಿಸಿದರು. ವಾಪಸು ಬಂದವರು ಮೆಟ್ಟಿಲು ಹತ್ತುವ ಮೊದಲೇ ನನ್ನನ್ನು ಕರೆದರು.

"ಅಕ್ಕಾರ, ನೀವು ಹೇಳಿದ್ದು ಒಂದೂ ಸುಳ್ಳಾಗ್ಲಿಲ್ರೀ. ನೀವು ಯಾವಾಗ ಹೋಗಿದ್ರಿ ಅಲ್ಲಿಗೆ?"

ನಾನು ಹೋಗಿಲ್ಲ ಎಂದಾಗ ಅವರ ಮುಖ ನೋಡಬೇಕಿತ್ತು.

ಅಲ್ಲಿಂದ ಸುದ್ದಿ ಹರಡಿತು. ಸಂಜಯನಗರದಿಂದ, ಆರ್.ಟಿ. ನಗರದಿಂದ, ನಾನು ಮುಖ ನೋಡದವರೆಲ್ಲ ಫೋನು ಮಾಡುತ್ತಿದ್ದರು. ಹೆಂಗಸರದೊಂದು ವಾಟ್ಸಾಪ್ ಗುಂಪಾಯಿತು. ಬಾಲಿಗೆ ಹೋದರೆ ಯಾವ ಕಡೆ ಉಳಿಯಬೇಕು ಆಂಟಿ? ಒಂದೇ ಕಡೆ ಉಳಿದು ಎಲ್ಲ ನೋಡುತ್ತೇನೆ ಅನ್ನಬೇಡಮ್ಮ, ಅಲ್ಲಿನ ರಸ್ತೆಯೂ ನಮ್ಮ ಹೆಬ್ಬಾಳದ ಹಾಗೇ. ಮಗುವಿಗೆ ಬಿಸಿನೀರು? ರೂಮಿನಲ್ಲಿ ಕೆಟಲ್ ಇದೆಯೋ ಎಂದು ಮೊದಲೇ ಬರೆದು ಕೇಳು. 'ಕೋಶ ಓದು, ದೇಶ ನೋಡು' ಎನ್ನುತ್ತಾರೆ. ನಾನು ಕೋಶ ಓದಿಕೊಂಡು ದೇಶವನ್ನು ಊರವರಿಗೆ ಬಿಟ್ಟುಕೊಟ್ಟಿದ್ದೆ.

ನನಗೂ ಹೋಗಬೇಕೆನಿಸುತ್ತಿತ್ತು. ಇದನ್ನು ಸುತ್ತಿಬಳಸಿ ಹೇಳುವುದಿಲ್ಲ. ಐವತ್ತು ದಾಟಿದ ಮೇಲೆ ಬೇರೆ ಯಾವ ಆಸೆಯೂ ನನ್ನನ್ನು ಹಾಗೆ ಹಿಂಡಿಲ್ಲ. ಒಂದೇ ಒಂದು ಸಲ ವಿಮಾನ ಹತ್ತಿ, ನನ್ನನ್ನು ಯಾರೂ ಸೊಸೆ ಎಂದು ಗುರುತಿಸದ ಊರಿನಲ್ಲಿ ಇಳಿದು, ಬೇರೆ ಯಾರೋ ಮಾಡಿಟ್ಟ ತಿಂಡಿಯ ಮುಂದೆ ಸುಮ್ಮನೆ ಕೂರಬೇಕು. ಅಷ್ಟೇ.

ಗಂಡನಿಗೆ ಒಂದು ಸಲ ಹೇಳಿದೆ. ನನ್ನ ಗಂಡ ಈ ಊರಿನ ಹಳೇ ಮನೆತನದವರು. ಹೊಲವಿದ್ದ ಕಡೆ ಈಗ ಬಾಡಿಗೆ ಮನೆಗಳಿವೆ, ಬಾಡಿಗೆಯವರ ಮೋಟಾರು, ನಲ್ಲಿ, ಗೇಟಿನ ಬೀಗ ನೋಡಿಕೊಳ್ಳುವುದೇ ಅವರ ಉದ್ಯೋಗ. ಕೆಟ್ಟವರಲ್ಲ. ಕೈ ಎತ್ತಿದವರಲ್ಲ, ಕುಡಿದು ಬಂದವರಲ್ಲ. ಅವರು ಪೇಪರಿನಿಂದ ತಲೆ ಎತ್ತದೆ ಹೇಳಿದ್ದು ಇಷ್ಟು: "ನಿಂಗೆ ಇಲ್ಲಿ ಕೂತ್ಕೊಂಡೇ ಎಲ್ಲಾ ಗೊತ್ತಲ್ಲೇ. ಇನ್ ಅಲ್ಲಿಗ್ ಹೋಗಿ ನೋಡೋದೇನಿದೆ?"

ನಾನು ತಿಳಿದುಕೊಂಡಿದ್ದೇ ನನ್ನ ಕಾಲಿಗೆ ತೊಡರಿಕೊಂಡಿತ್ತು. ಏನೂ ಗೊತ್ತಿಲ್ಲದ ಹೆಂಡತಿಯಾಗಿದ್ದರೆ ಪಾಪ, ಒಂದು ಸಲ ತೋರಿಸಿಕೊಂಡು ಬರೋಣ ಎಂದಾದರೂ ಅನಿಸುತ್ತಿತ್ತೇನೋ.

ಹೋದ ವರ್ಷ ಮೇಲಿನ ಮನೆಯವರು, ಗುಂಪಿನ ಇನ್ನಿಬ್ಬರು ಹೆಂಗಸರು ಸೇರಿ ಕೊಲ್ಲಿಯ ಕಡೆಯ ಒಂದು ಊರಿಗೆ ಹೊರಡುವುದೆಂದು ಮಾತಾಯಿತು. ಪ್ಲಾನು ನನ್ನದೇ. ಯಾವ ವಿಮಾನ, ಯಾವ ಹೋಟೆಲು, ಎಷ್ಟನೇ ಮಹಡಿ, ಲಿಫ್ಟಿನಿಂದ ದೂರದ ರೂಮು ಕೇಳಬೇಕು ಎನ್ನುವುದೂ ನನ್ನದೇ. ಎಲ್ಲ ಮುಗಿದ ಮೇಲೆ ಮೇಲಿನ ಮನೆಯವರು ಕೆಳಗಿಳಿದು ಬಂದು ನನ್ನ ಗಂಡನ ಎದುರೇ, "ಅಣ್ಣಾರ, ಅಕ್ಕಾರನ್ನ ಕರ್ಕೊಂಡು ಹೋಗ್ತೀವ್ರೀ ನಾವು" ಎಂದರು. ಕೇಳಲಿಲ್ಲ, ಹೇಳಿದರು. ಅದು ಅವರ ಜಾಣತನ. ನನ್ನ ಗಂಡ ಹೊರಗಿನವರ ಮುಂದೆ ಇಲ್ಲ ಅನ್ನುವವರಲ್ಲ. "ಹೋಗಿ ಬರ್ಲಿ, ನಾನೇನ್ ಬೇಡ ಅಂದಿದ್ನಾ?" ಎಂದರು. ಸಂಜಯನಗರದಲ್ಲಿರುವ ನಾದಿನಿ, ನಾಲ್ಕು ದಿನ ತಾಯಿಯನ್ನು ತಾನು ನೋಡಿಕೊಳ್ಳುತ್ತೇನೆ ಎಂದು ಒಪ್ಪಿದಳು. ಆ ರಾತ್ರಿ ಪಾತ್ರೆ ತೊಳೆಯುತ್ತ ನಾನು ಹಾಡು ಗುನುಗುತ್ತಿದ್ದೆನಂತೆ. ಅತ್ತೆ ಮಾರನೆಯ ದಿನ ಹೇಳಿದರು.

ಟಿಕೆಟ್ ಮಾಡಿಸಲು ಮೇಲಿನ ಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತೆವು. ನನ್ನ ಪಾಸ್‌ಪೋರ್ಟನ್ನು ಬೀರುವಿನಿಂದ, ಜಾಗದ ಪತ್ರಗಳ ಕೆಳಗಿನಿಂದ, ತೆಗೆದುಕೊಂಡು ಹೋಗಿದ್ದೆ. ಯಾವತ್ತೋ ನನ್ನ ಗಂಡನ ಸ್ನೇಹಿತರೆಲ್ಲ ಸಂಸಾರ ಸಮೇತ ಮಲೇಷ್ಯಾಕ್ಕೆ ಹೋಗೋಣ ಎಂದಾಗ ಮಾಡಿಸಿದ್ದದು. ಆ ಪ್ರವಾಸ ಮಾತಿನಲ್ಲೇ ಮುಗಿದಿತ್ತು, ಪಾಸ್‌ಪೋರ್ಟು ಉಳಿದಿತ್ತು. ಅವಧಿ ಎಲ್ಲಿಯ ತನಕ ಇದೆ ಎಂದು ಮೊದಲೇ ನೋಡಿಕೊಂಡಿದ್ದೆ. ಅದು ಎಲ್ಲರಿಗೂ ಹೇಳುವ ಮಾತಲ್ಲವೇ, ಆರು ತಿಂಗಳಾದರೂ ಬಾಕಿ ಇರಬೇಕು ಅಂತ. ಹೆಸರು ಮಾತ್ರ ನೋಡಿರಲಿಲ್ಲ. ನನ್ನ ಹೆಸರು ನನಗೆ ಗೊತ್ತಲ್ಲ ಎಂದುಕೊಂಡಿದ್ದೆ.

"ಅಕ್ಕಾರ, ಸರ್‌ನೇಮ್ ಏನ್ ಹಾಕ್ಲಿ?" ಎಂದರು ಅವರು.

ಪಾಸ್‌ಪೋರ್ಟಿನಲ್ಲಿ ಆ ಜಾಗ ಖಾಲಿಯಿತ್ತು. ಸರ್‌ನೇಮ್ ಎನ್ನುವ ಪದ, ಅದರ ಕೆಳಗೆ ಬಿಳಿ ಕಾಗದ. ಅದರ ಕೆಳಗೆ ನನ್ನ ಹೆಸರು, ಒಂಟಿಯಾಗಿ. ವೆಬ್‌ಸೈಟು ಆ ಕಾಲಂ ತುಂಬದೆ ಮುಂದಕ್ಕೆ ಹೋಗಲು ಒಪ್ಪಲಿಲ್ಲ. ಸಹಕಾರನಗರದ ಟ್ರಾವೆಲ್ಸ್ ಒಂದಕ್ಕೆ ಫೋನು ಮಾಡಿದೆವು. ಆ ಊರಿಗೆ ಪ್ರವಾಸಿ ವೀಸಾ ಬೇಕಾದರೆ ಒಂದೇ ಹೆಸರಿನ ಪಾಸ್‌ಪೋರ್ಟು ಕಷ್ಟ ಮೇಡಂ, ಮೊದಲು ಹೆಸರು ಸರಿಮಾಡಿಸಿ ಎಂದಳು ಅಲ್ಲಿಯ ಹುಡುಗಿ. ನಿಯಮಗಳು ಬದಲಾಗುತ್ತಿರುತ್ತವೆ, ಈಗ ಹೇಗಿದೆಯೋ, ಹೋಗುವವರು ಕೇಳಿಕೊಂಡು ಹೋಗಿ. ನನಗೆ ಹೊಟ್ಟೆಯುರಿದದ್ದು ಬೇರೆ ಕಾರಣಕ್ಕೆ. ಆ ನಿಯಮ ನನಗೆ ಗೊತ್ತಿತ್ತು. ಆರ್.ಟಿ. ನಗರದ ಒಬ್ಬರಿಗೆ, ನಿಮ್ಮ ತಾಯಿಯ ಪಾಸ್‌ಪೋರ್ಟಿನಲ್ಲಿ ಎರಡು ಹೆಸರಿದೆಯೋ ನೋಡಿ ಎಂದು ನಾನೇ ಎಚ್ಚರಿಸಿದ್ದೆ.

ಗಂಡನಿಗೆ ಹೇಳಿದಾಗ ಮನಸಾರೆ ನಕ್ಕರು. "ಊರಿಗೆಲ್ಲಾ ಶಕುನ ಹೇಳೋ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ" ಎಂದರು. ನಾನೂ ನಕ್ಕೆ. ನಗದೆ ಏನು ಮಾಡುವುದು, ಗಾದೆ ಸರಿಯಾಗೇ ಇತ್ತು. ಆಮೇಲೆ ಕೇಳಿದೆ, ನಿಮ್ಮದರಲ್ಲಿ ಸರ್‌ನೇಮ್ ಇದೆಯಲ್ಲ, ನನ್ನದರಲ್ಲಿ ಯಾಕಿಲ್ಲ? ಅವರದರಲ್ಲಿ ಅವರ ತಂದೆಯ ಹೆಸರಿತ್ತು.

"ಅರ್ಜಿ ತುಂಬೋನು ಕೇಳ್ದ ಕಣೇ, ಮೇಡಮ್ಮೋರ ಸರ್‌ನೇಮ್ ಏನು ಅಂತ. ನಮ್ಮಲ್ಲಿ ಅದೆಲ್ಲ ಎಲ್ಲಿದೆ? ಅವಳಿಗೇನ್ ಬೇಕು, ಬಿಡಪ್ಪ ಅಂದೆ."

ನಮ್ಮಲ್ಲಿ ಅದೆಲ್ಲ ಇಲ್ಲ ಎನ್ನುವುದು ನಿಜ. ಉತ್ತರದವರ ಹಾಗೆ ಹುಟ್ಟಿನಿಂದಲೇ ಬರುವ ಬಾಲ ನಮಗಿಲ್ಲ. ಇನಿಶಿಯಲ್ ಇರುತ್ತದೆ, ಅದನ್ನು ಬಿಡಿಸಿ ಬರೆಯಿರಿ ಎಂದರೆ ಗಲಿಬಿಲಿಯಾಗುತ್ತೇವೆ. ಈ ತಪ್ಪನ್ನು ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಮಾಡಿದ್ದಾರೆ. ಆದರೆ 'ಅವಳಿಗೇನ್ ಬೇಕು' ಎಂಬ ಮಾತು ಯಾವ ಅರ್ಜಿಯಲ್ಲೂ ಇರಲಿಲ್ಲ. ಅದು ನನ್ನ ಗಂಡನದೇ.

ಅವರಿಗೂ ಸ್ವಲ್ಪ ಕಸಿವಿಸಿಯಾಯಿತೆಂದು ಕಾಣುತ್ತದೆ. "ಆಯ್ತು ಬಿಡು, ತತ್ಕಾಲ್‌ನಲ್ಲಿ ಹಾಕ್ಸೋಣ. ನನ್ನ ಹೆಸ್ರು ಸೇರಿಸ್ಬಿಡು. ಮದ್ವೆ ಸರ್ಟಿಫಿಕೇಟ್ ಇದೆ, ಬೇಗ ಬರುತ್ತೆ. ನಿಮ್ಮ ಟ್ರಿಪ್ಪೂ ಆಗುತ್ತೆ" ಎಂದರು.

"ಬೇಡ" ಎಂದೆ.

ಆ ಮಾತು ಎಲ್ಲಿಂದ ಬಂತೋ ನನಗೇ ಗೊತ್ತಾಗಲಿಲ್ಲ. ಹೊರಗೆ ಬಂದಾಗಿತ್ತು.

"ಮತ್ತೆ? ನಿಮ್ಮಪ್ಪಂದಾ?"

"ಅದೂ ಬೇಡ."

ನಮ್ಮಪ್ಪ ನನ್ನನ್ನು ಮುದ್ದಾಗಿಯೇ ಸಾಕಿದರು. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆ ನಂಬರು ಬಂದಾಗ ಬೀದಿಗೆಲ್ಲ ಸಕ್ಕರೆ ಹಂಚಿ, ಅದರ ಮಾರನೆಯ ತಿಂಗಳೇ ಗಂಡು ನೋಡಲು ಶುರುಮಾಡಿದವರು. ಅವರ ಮೇಲೆ ಈಗ ಸಿಟ್ಟೇನಿಲ್ಲ. ಅವರ ಹೆಸರನ್ನು ಹೊತ್ತುಕೊಂಡು ಊರೂರು ತಿರುಗುವಷ್ಟು ಪ್ರೀತಿಯೂ ಇಲ್ಲ.

"ಮತ್ತಿನ್ಯಾರ್ದು ಹಾಕ್ತೀಯ?" ಎಂದರು ಗಂಡ. ಈಗ ಅವರು ನಗುತ್ತಿರಲಿಲ್ಲ.

ನಾನು ಹುಟ್ಟಿದ್ದು ಅಬ್ಬಿಗೆರೆಯಲ್ಲಿ. ಈಗ ಹೋದರೆ ನಮ್ಮ ಮನೆಯಿದ್ದ ಜಾಗದಲ್ಲಿ ಗ್ರಾನೈಟ್ ಅಂಗಡಿ ಇದೆ, ರಸ್ತೆಗೂ ನನಗೂ ಗುರುತು ಸಿಗುವುದಿಲ್ಲ. ಆಗ ಸ್ಕೂಲಿನಲ್ಲಿ ನನ್ನ ಹೆಸರಿನವರು ಇಬ್ಬರಿದ್ದೆವು. ಇನ್ನೊಬ್ಬಳು ಪಕ್ಕದ ಸಿಂಗಾಪುರ ಹಳ್ಳಿಯಿಂದ ನಡೆದು ಬರುತ್ತಿದ್ದಳು. ಮೇಷ್ಟ್ರು ಹಾಜರಿ ಕರೆಯುವಾಗ ಅವಳನ್ನು 'ಸಿಂಗಾಪುರ' ಎನ್ನುತ್ತಿದ್ದರು, ನನ್ನನ್ನು 'ಅಬ್ಬಿಗೆರೆ' ಎನ್ನುತ್ತಿದ್ದರು. ನಾನು ಇವತ್ತಿನವರೆಗೂ ನೋಡಿರುವ ಸಿಂಗಾಪುರ ಅದೊಂದೇ, ಅವಳ ಜೊತೆ ಹುಣಿಸೆಹಣ್ಣು ಕದಿಯಲು ಹೋದಾಗ. ಅಬ್ಬಿಗೆರೆ ಎಂದು ಕೂಗಿದರೆ ಎದ್ದು ನಿಲ್ಲುತ್ತಿದ್ದೆ, ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದೆ. ಮದುವೆಯಾದ ಮೇಲೆ ಯಾರೂ ನನ್ನನ್ನು ಹಾಗೆ ಕೂಗಿ ಎಬ್ಬಿಸಿಲ್ಲ. ಇಲ್ಲಿ ನಾನು ಏ, ಇವಳೇ, ದೊಡ್ಡ ಸೊಸೆ, ಓನರ್ ಆಂಟಿ. ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಮೊದಲ ಇನಿಶಿಯಲ್ ಊರಿನದೇ.

"ಅಬ್ಬಿಗೆರೆ ಅಂತ ಹಾಕಿಸ್ತೀನಿ" ಎಂದೆ.

"ಊರ ಹೆಸ್ರಾ? ನೀನೇನ್ ಸಾಹಿತಿನಾ?" ಎಂದರು ಅವರು.

ಆ ದಾರಿ ಉದ್ದವಾಗಿತ್ತು. ಇನಿಶಿಯಲ್ ಬಿಡಿಸಿ ಬರೆಯುವುದಕ್ಕೆ ನೋಟರಿಯ ಪತ್ರ, ಸ್ಕೂಲಿನ ದಾಖಲೆ, ಆಧಾರ್ ತಿದ್ದುಪಡಿ, ಒಂದಾದ ಮೇಲೆ ಒಂದು. ಪ್ರವಾಸದ ಹೊತ್ತಿಗೆ ಮುಗಿಯುವುದಿಲ್ಲ ಎಂದು ಎಲ್ಲರಿಗಿಂತ ಮೊದಲು ಗೊತ್ತಾದದ್ದು ನನಗೇ. ಮೇಲಿನ ಮನೆಯವರು ಮೆಟ್ಟಿಲ ಮೇಲೆ ಕೂತು ಬುದ್ಧಿ ಹೇಳಿದರು. "ಈ ಸಲ ಅಣ್ಣಾರ ಹೆಸರೇ ಹಾಕ್ರೀ ಅಕ್ಕಾರ, ಹೋಗಿ ಬಂದಮ್ಯಾಲ ಬದಲ್ ಮಾಡಿದ್ರಾತು. ಒಂದ್ ಹೆಸರಿನ ಸಲುವಾಗಿ ಬಿಡ್ತೀರೇನು?" ಅವರು ಹೇಳಿದ್ದು ನ್ಯಾಯವೇ. ಬೇರೆ ಯಾರಾದರೂ ನನ್ನನ್ನು ಕೇಳಿದ್ದರೆ ನಾನೂ ಇದೇ ಸಲಹೆ ಕೊಡುತ್ತಿದ್ದೆ. ಆದರೆ ಈ ಮನೆಯ ಗ್ಯಾಸು ಗಂಡನ ಹೆಸರಿನಲ್ಲಿದೆ, ಕರೆಂಟು ಅವರ ಹೆಸರಿನಲ್ಲಿದೆ, ಬಾಡಿಗೆ ಕರಾರುಗಳು ಅವರ ಹೆಸರಿನಲ್ಲಿವೆ. ಮೊದಲ ಸಲ ಹೊಸಿಲು ದಾಟಿ ದೂರ ಹೋಗುವಾಗಲೂ ಆ ಹೆಸರನ್ನೇ ಕಟ್ಟಿಕೊಂಡು ಹೋದರೆ ನಾನು ಹೋದ ಹಾಗಾಗುವುದಿಲ್ಲ, ಅವರ ಸಾಮಾನು ಒಂದು ಹೋಗಿ ಬಂದ ಹಾಗಾಗುತ್ತದೆ. ಹಟ ಎಂದರು ಎಲ್ಲರೂ. ಹೌದು, ಹಟವೇ.

ಅವರು ಮೂವರೂ ಹೊರಟರು. ನಾದಿನಿ ಬರುವ ಅಗತ್ಯ ಬೀಳಲಿಲ್ಲ.

ಅವರು ಇಳಿದ ದಿನ ನಾನು ಅತ್ತೆಗೆ ಸ್ನಾನ ಮಾಡಿಸುತ್ತಿದ್ದೆ. ಕೈತುಂಬ ಸೀಗೆಪುಡಿ, ಫೋನು ಬಚ್ಚಲ ಬಾಗಿಲಿನ ಹೊರಗೆ ಸ್ಟೂಲಿನ ಮೇಲೆ ಸ್ಪೀಕರಿನಲ್ಲಿ.

"ಅಕ್ಕಾರ, ಹೊರಗ ಬಂದೀವ್ರೀ. ಈಗ ಯಾ ಕಡೆ ಹೋಗೂದು?"

"ಎದುರಿಗೆ ಟ್ಯಾಕ್ಸಿ ಅಂತ ಬೋರ್ಡ್ ಕಾಣುತ್ತಲ್ಲ, ಅಲ್ಲಿ ಹೋಗ್ಬೇಡಿ. ಬಲಗಡೆ ಎಸ್ಕಲೇಟರ್ ಇಳೀರಿ, ಕೆಳಗೆ ಮೆಟ್ರೋ ಇದೆ."

"ಹೌದ್ರೀ, ಐತಿ ಐತಿ."

ಅತ್ತೆ ತಲೆ ಬಗ್ಗಿಸಿಕೊಂಡೇ ಕೇಳಿದರು. "ಯಾರಿಗೇ ದಾರಿ ಯೋಳ್ತಿದ್ದೀಯ? ದಾರಿ ತಪ್ಪೋದ್ರಾ ಯಾರಾನಾ?"

"ಇಲ್ಲ ಅತ್ತೆ. ಸರಿಯಾಗೇ ಹೋಗಿದ್ದಾರೆ."

ಅವರು ಹೋಟೆಲು ತಲುಪಿ ಫೋಟೋ ಕಳಿಸಿದರು. ಲಿಫ್ಟಿನಿಂದ ದೂರದ ರೂಮು, ದೊಡ್ಡ ಕಿಟಕಿ, ಕಿಟಕಿಯ ಪಕ್ಕ ನಾನು ನೋಡಿಟ್ಟಿದ್ದ ಅದೇ ಕುರ್ಚಿ. 'ಎಲ್ಲಾ ನೀವು ಹೇಳ್ದಂಗ ಐತ್ರೀ ಅಕ್ಕಾರ' ಎಂದು ಬರೆದಿದ್ದರು. ಪ್ರೀತಿಯಿಂದಲೇ ಬರೆದದ್ದು. ನಾನು ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚಿದೆ. ಆವತ್ತಿನ ಅಡುಗೆಗೆ ಈರುಳ್ಳಿ ಬೇಕಿರಲಿಲ್ಲ. ಅಳು, ಸಿಟ್ಟು, ಹೊಟ್ಟೆಕಿಚ್ಚು ಎಲ್ಲ ಒಟ್ಟಿಗೇ ಬಂತು, ಯಾವುದನ್ನು ಮೊದಲು ಹೊರಗೆ ಬಿಡಬೇಕೆಂದು ಗೊತ್ತಾಗಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು, ಬೆಳಿಗ್ಗೆ ತಿಂಡಿಗೆ ಬೇಗ ಇಳಿಯಿರಿ, ತಡವಾದರೆ ಹಣ್ಣು ಖಾಲಿಯಾಗುತ್ತದೆ ಎಂದು ಬರೆದೆ.

ಅವರು ಬಂದ ಮೇಲೂ ನಾನು ಹೆಸರಿನ ಕೆಲಸ ಬಿಡಲಿಲ್ಲ. ಮೇಲಿನ ಮನೆಯವರೇ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಆಫೀಸಿನಿಂದ ಆಫೀಸಿಗೆ ಓಡಾಡಿಸಿದರು, ಅತ್ತೆ ಮಲಗುವ ಹೊತ್ತಿನಲ್ಲಿ ಹೋಗಿ ಏಳುವ ಹೊತ್ತಿಗೆ ಬರುತ್ತಿದ್ದೆ. ಒಂದು ಸಲ ಅವರು ಮೊದಲೇ ಎದ್ದು ಕೂಗಿ ಕೂಗಿ ಗಂಟಲು ಕಟ್ಟಿಕೊಂಡಿದ್ದರು. ಪಾಸ್‌ಪೋರ್ಟಿನ ಪೊಲೀಸ್ ವಿಚಾರಣೆಗೆ ಸ್ಟೇಷನ್ನಿಗೇ ಹೋಗಿ ಬಂದೆ. ಗಂಡ ಕೇಳಲಿಲ್ಲ, ನಾನು ಹೇಳಲಿಲ್ಲ.

ಒಂದು ಬೆಳಿಗ್ಗೆ ಅತ್ತೆಯನ್ನು ಗೇಟಿನ ಒಳಗೆ ಬಿಸಿಲಿಗೆ ಕುರ್ಚಿ ಹಾಕಿ ಕೂರಿಸಿ, ನಾನು ಒಳಗೆ ಮುದ್ದೆ ತಿರುವುತ್ತಿದ್ದೆ. ಗಾಡಿ ನಿಂತ ಸದ್ದಾಯಿತು. ಪೋಸ್ಟಿನವನು ಹೊಸಬನಿರಬೇಕು.

"ಅಜ್ಜಿ, ಅಬ್ಬಿಗೆರೆ ಅಂತ ಇದೆ, ಇದೇ ಮನೆನಾ?"

"ಅಬ್ಬಿಗೆರೆಗ್ ಓಗೋನು ಇಲ್ಲಿಗ್ಯಾಕಪ್ಪ ಬಂದೆ?" ಅತ್ತೆಯ ದನಿ. "ಅದು ಬೋ ದೂರ ಆಯ್ತದೆ. ಎಬ್ಬಾಳ ದಾಟು, ಜಾಲಳ್ಳಿ ತಾವ ಗಂಗಮ್ಮನ ಸರ್ಕಲ್ ಸಿಗ್ತದೆ, ಅಲ್ಲಿಂದ ಒಳೀಕ್ ಓಗ್ಬೇಕು. ಇದು ಅಮೃತಳ್ಳಿ."

"ಅಡ್ರೆಸ್ ಅಮೃತಹಳ್ಳಿ ಅಂತಾನೇ ಇದೆ ಅಜ್ಜಿ. ಹೆಸ್ರು ಅಬ್ಬಿಗೆರೆ ಅಂತ."

"ಮನುಸ್ರಿಗೆ ಊರ ಎಸರಿಕ್ತಾರಾ ಯಾರಾನಾ? ಅಂತೋರ್ ಯಾರೂ ಇಲ್ಲ ಓಗಪ್ಪ ಇಲ್ಲಿ."

ದಾರಿ ಹೇಳುವುದರಲ್ಲಿ ನಮ್ಮ ಮನೆಯಲ್ಲಿ ನಾನೊಬ್ಬಳೇ ಅಲ್ಲ ಎಂದು ನಗು ಬಂತು. ಅಷ್ಟರಲ್ಲಿ ಗಾಡಿ ಸ್ಟಾರ್ಟ್ ಮಾಡಿದ ಸದ್ದು ಕೇಳಿತು. ಮುದ್ದೆ ಕೋಲನ್ನು ಪಾತ್ರೆಯಲ್ಲೇ ಬಿಟ್ಟು ಓಡಿದೆ.

"ಇರಪ್ಪ, ಹೋಗ್ಬೇಡ. ಅಬ್ಬಿಗೆರೆ ನಾನೇ."

ಅವನು ಆಧಾರ್ ಕೇಳಿದ, ಸಹಿ ಕೇಳಿದ, ಲಕೋಟೆ ಕೊಟ್ಟು ಹೋದ. ಅಲ್ಲೇ ಹರಿದು ನೋಡಿದೆ. ಈ ಸಲ ಮೊದಲು ನೋಡಿದ್ದು ಹೆಸರನ್ನೇ. ಸರಿಯಾಗಿತ್ತು.

ಅತ್ತೆ ನೋಡುತ್ತಿದ್ದರು. "ಏನೇ ಅದು?"

"ಪಾಸ್‌ಪೋರ್ಟು ಅತ್ತೆ. ಹೊರದೇಶಕ್ಕೆ ಹೋಗೋಕೆ."

ಅವರು ಮಡಿಲಲ್ಲಿದ್ದ ಟವೆಲನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ನಮ್ಮ ಮನೆಯಲ್ಲಿ ಹೊರಡುವವರು 'ಹೋಗ್ತೀನಿ' ಎಂದರೆ ಅವರು ಬೈಯುತ್ತಾರೆ, 'ಬರ್ತೀನಿ' ಅನ್ನಬೇಕು. ಹೋಗ್ತೀನಿ ಎನ್ನುವುದು ಹೆಣದ ಮಾತು ಎನ್ನುತ್ತಾರೆ. ಅಂಥವರು ನನ್ನ ಮುಖ ನೋಡದೆ ಕೇಳಿದರು.

"ಓಗ್ಬುಟ್ಟು ಬತ್ತೀಯಾ, ಇಲ್ಲಾ ಓಯ್ತೀಯಾ?"

ಎಷ್ಟು ಜನ, ಎಷ್ಟು ಊರಿನ ಬಗ್ಗೆ ಎಷ್ಟು ಪ್ರಶ್ನೆ ಕೇಳಿದ್ದರು ನನ್ನನ್ನು. ಇದನ್ನು ಯಾರೂ ಕೇಳಿರಲಿಲ್ಲ. ಬರ್ತೀನಿ ಎನ್ನುವುದು ನಾಲಿಗೆಯ ತುದಿಯಲ್ಲೇ ಇರುವ ಮಾತು, ಹಾಲು ತರಲು ಹೋಗುವಾಗಲೂ ಅನ್ನುತ್ತೇನೆ. ಆವತ್ತು ಅದು ಬರಲಿಲ್ಲ.

"ಬರ್ಬೇಕಾದ್ರೆ ಮೊದ್ಲು ಹೋಗ್ಬೇಕಲ್ಲ ಅತ್ತೆ" ಎಂದೆ.

ಅವರು ತಲೆಯಾಡಿಸಿದರು. ಒಪ್ಪಿದ್ದೋ ಹೆದರಿದ್ದೋ ಹೇಳಲಾರೆ. "ಬಿಸಿಲು ಜಾಸ್ತಿ ಆಯ್ತು. ಒಳೀಕ್ ಕರ್ಕೊಂಡೋಗು" ಎಂದು ಎರಡೂ ಕೈ ನನ್ನ ಕಡೆ ಚಾಚಿದರು. ಅವರನ್ನು ಎತ್ತಲು ನನಗೆ ಎರಡು ಕೈಯೂ ಬೇಕು. ಪಾಸ್‌ಪೋರ್ಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅವರನ್ನು ಎಬ್ಬಿಸಿ ಒಳಗೆ ಕರೆದುಕೊಂಡು ಹೋದೆ.